ಕುಸುಬಿ ಹಾಲು, ಮುರಲ್ ಮೀನು

ಫರಹೀನ ಬಿ.ಎ. ಪಾಸಾಗಿ ಹತ್ತು ತಿಂಗಳಾಗಿತ್ತು. ಈ ಹತ್ತು ತಿಂಗಳಲ್ಲಿ ಮನೆಯವರಲ್ಲದವರ ಜೊತೆ ಅವಳು ಆಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ಅಂಚೆ ಕಾರ್ಡು ತುಂಬುತ್ತಿರಲಿಲ್ಲ. ಹಾಗಂತ ಅವಳಲ್ಲಿ ಮಾತಿಗೆ ಬರವಿತ್ತು ಅಂತಲ್ಲ. ಇದ್ದಬದ್ದ ಮಾತೆಲ್ಲ ನೀಲಿ ರಟ್ಟಿನ ಡೈರಿಯೊಳಗೆ ಹೋಗಿ ಕೂತುಬಿಡುತ್ತಿತ್ತು. ಮನೆಗೆ ಬಂದವರು ಏನಾದರೂ ಕೇಳಿ, ಇವಳು ದುಪಟ್ಟಾದ ಅಂಚು ತಿರುವುತ್ತ ನಿಂತರೆ, ತಾಯಿ ಬೀಬಿಜಾನ ಅಡುಗೆಮನೆಯಿಂದಲೇ ಕೂಗಿ ಹೇಳುತ್ತಿದ್ದಳು: ಆಕೆ ಬರೆದು ತಿಳಿಸುತ್ತಾಳೆ, ನೀವು ಮೊದಲು ಚಹಾ ಕುಡೀರಿ.

ತಂದೆ ಖಾಜಾನದು ಅಫಜಲಪುರದ ಸಂತೆ ಬಯಲಿನ ಮೂಲೆಯಲ್ಲಿ ತಗಡಿನ ಮೀನಿನ ಅಂಗಡಿ. ಭೀಮಾ ಹೊಳೆಯ ಮೀನು ಬೆಳಗ್ಗೆ ಬರುತ್ತಿತ್ತು, ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಮುಗಿಯದಿದ್ದರೆ ಮರುದಿನವೂ ಅವನು ಅದನ್ನು ಈಗಷ್ಟೇ ಹೊಳೆಯಿಂದ ಎದ್ದು ಬಂದದ್ದು ಎಂದೇ ಮಾರುತ್ತಿದ್ದ. ಊರಿನವರು ಅವನ ಮೀನು ಕೊಳ್ಳುತ್ತಿದ್ದರು, ಮಾತನ್ನಲ್ಲ.

ಎಲ್ಲ ಹೀಗೇ ನಡೆಯುತ್ತಿರುವಾಗ ಆಳಂದದಿಂದ ಮಸರತ ಫುಪ್ಪಿಯ ಫೋನು ಬಂತು. ಖಾಜಾನ ಅಕ್ಕ ಮಸರತ ಅಲ್ಲಿ ಹೆಣ್ಣುಮಕ್ಕಳ ಬಟ್ಟೆ ಅಂಗಡಿ ಇಟ್ಟಿದ್ದಳು. ಕೌಂಟರಿನಲ್ಲಿದ್ದ ಹುಡುಗಿ ಮದುವೆಯಾಗಿ ಹೋಗಿದ್ದಳಂತೆ. ಓದಿದ ತಮ್ಮನ ಮಗಳು ಮನೆಯಲ್ಲಿ ಸುಮ್ಮನೆ ಕೂತಿರುವಾಗ ಹೊರಗಿನವರನ್ನು ಯಾಕೆ ಹುಡುಕಬೇಕು, ನಾಲ್ಕು ಜನ ಗಿರಾಕಿಗಳ ಮುಂದೆ ನಿಂತರೆ ಬಾಯಿ ತಾನಾಗಿ ಬಿಡುತ್ತದೆ ಎಂದಳು. ಸೋಮವಾರ ಮುಂಜಾನೆಯ ಬಸ್ಸಿಗೆ ಕಳಿಸುವುದೆಂದು ತಮ್ಮ ಮತ್ತು ಅವನ ಹೆಂಡತಿಯ ಬದಲಿಗೆ ಅವಳೇ ನಿಶ್ಚಯಿಸಿಬಿಟ್ಟಳು.

ಆ ರಾತ್ರಿ ಫರಹೀನ ಡೈರಿಯಲ್ಲಿ ಒಂದೇ ಸಾಲು ಬರೆದಳು: 'ಬರ್ರಿ ಅಕ್ಕಾರ, ಕುಂದರ್ರಿ, ಯಾವ ಬಣ್ಣ ತೋರಸ್ಲಿ?' ಬರೆಯುವಾಗಲೇ ಅಂಗೈ ಬೆವತು ಅಕ್ಷರ ಅಳಿಸಿಹೋಯಿತು. ಇದನ್ನು ದಿನಕ್ಕೆ ನೂರು ಸಲ ಬಾಯಿಬಿಟ್ಟು ಹೇಳಬೇಕು. ಅದೂ ಗುರುತಿಲ್ಲದವರಿಗೆ.

ಮರುದಿನ ಖಾಜಾ ಚಷ್ಮದ ಡಬ್ಬಿ ತೆರೆದರೆ ಅದರಲ್ಲಿ ಚಷ್ಮದ ಮೇಲೆ ಮಡಚಿಟ್ಟ ಒಂದು ಚೀಟಿ ಇತ್ತು. ಅಬ್ಬಾ, ಬರುವ ಸಂತೆಯ ಒಂದು ಸಂಜೆ ನನಗೆ ಕೊಡಿ, ನಾನು ಹಿಂದೆ ಕೂತು ಮೀನು ಸುಡುತ್ತೇನೆ, ನೀವು ಮುಂದೆ ನಿಂತು ಮಾರಿ, ಐದು ಕಿಲೋ ಮೀನು ಖಾಲಿಯಾದರೆ ನಾನು ಆಳಂದಕ್ಕೆ ಹೋಗುವುದಿಲ್ಲ, ಇಲ್ಲೇ ದಿನಾ ಸಂಜೆ ಮಾಡಿಕೊಡುತ್ತೇನೆ ಎಂದು ಬರೆದಿತ್ತು. ಖಾಜಾ ಅದನ್ನು ಎರಡು ಸಲ ಓದಿದ. ಸಂಜೆ ಹೊತ್ತು ಖಾಲಿ ಬಿದ್ದಿರುವ ಅಂಗಡಿಯ ಬಗ್ಗೆ ಅವನಿಗೂ ಯೋಚನೆ ಇತ್ತು. ಆಗಲಿ ಎಂದ. ಆದರೆ ಮೀನಿಟ್ಟ ಅಗಲ ಪರಾತದಲ್ಲಿ ಒಂದು ಪ್ಲೇಟಿನಷ್ಟು ಉಳಿದರೂ ಸೋಮವಾರದ ಬಸ್ಸು ತಪ್ಪುವುದಿಲ್ಲ ಎಂದೂ ಹೇಳಿದ. ಫರಹೀನ ತಲೆಯಾಡಿಸಿದಳು. ಅವಳ ಒಪ್ಪಂದಗಳೆಲ್ಲ ತಲೆಯಿಂದಲೇ ಆಗುತ್ತಿದ್ದವು.

ಅವಳ ಮನಸ್ಸಿನಲ್ಲಿದ್ದದ್ದು ಫೋನಿನಲ್ಲಿ ನೋಡಿದ ಒಂದು ತಿನಿಸು. ಮೀನಿನ ತುಂಡುಗಳನ್ನು ತುತ್ತಿನಷ್ಟು ಕತ್ತರಿಸಿ, ಮಸಾಲೆ ಮೆತ್ತಿ, ಕಾದ ಹಂಚಿನ ಮೇಲೆ ಹೊರಗೆ ಗರಿಗರಿ ಒಳಗೆ ಮೆತ್ತಗೆ ಆಗುವಂತೆ ಸುಟ್ಟು, ಜೊತೆಗೆ ತಣ್ಣನೆಯ ಬಿಳಿ ಚಟ್ನಿಯಲ್ಲಿ ಅದ್ದಿ ತಿನ್ನುವುದು. ನಾಲಿಗೆಗೆ ಬೆಂಕಿ ಹತ್ತುವುದು, ಆರುವುದು, ಮತ್ತೆ ಹತ್ತುವುದು. ತಾಯಿಗೂ ತೋರಿಸಿದಳು. ಬೀಬಿಜಾನ ಚೆನ್ನಾಗಿಯೇ ನೋಡುತ್ತಿದ್ದಳು. ವಿಡಿಯೋದಲ್ಲಿ ಬಟ್ಟಲು ತುಂಬ ಮೊಸರು ಕಾಣಿಸಿದ್ದೇ ತಡ, ಯಾರೋ ನೋಡಿಬಿಟ್ಟಾರು ಎನ್ನುವಂತೆ ಫೋನಿನ ಮೇಲೆ ಅಂಗೈ ಮುಚ್ಚಿದಳು.

ಮೀನಿನ ಜೊತೆ ಮೊಸರೇ? ಹಾಲೇ? ಆ ಊರಿನಲ್ಲಿ ಯಾವ ಮನೆಯಲ್ಲೂ, ಯಾವ ಜಾತಿಯವರೂ ಅದನ್ನು ಒಪ್ಪುತ್ತಿರಲಿಲ್ಲ. ತಿಂದರೆ ಮೈಮೇಲೆ ಬಿಳಿ ಕಲೆ ಏಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗೆ ಎದ್ದವರನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ. ಮಧ್ಯಾಹ್ನ ಮೀನು ತಿಂದವರು ರಾತ್ರಿ ಮಜ್ಜಿಗೆ ಮುಟ್ಟುತ್ತಿರಲಿಲ್ಲ. ಖಾಜಾ ಅಂತೂ ಮೀನು ಕತ್ತರಿಸಿದ ಕೈಯಲ್ಲಿ ಹಾಲಿನ ಪಾಕೀಟು ಸಹ ಹಿಡಿಯುತ್ತಿರಲಿಲ್ಲ.

ಫರಹೀನ ಎರಡು ದಿನ ಯೋಚಿಸಿದಳು. ಬಿಳಿಯಾಗಿರಬೇಕು, ನುಣ್ಣಗಿರಬೇಕು, ತಣ್ಣಗಿರಬೇಕು, ಹಸು-ಎಮ್ಮೆಯ ಸುದ್ದಿಯೇ ಇರಬಾರದು. ಮೂರನೆಯ ದಿನ ಪಾತ್ರೆ ತೊಳೆಯುವಾಗ ಗುರಮ್ಮನ ಮನೆಯ ಸ್ಟೀಲಿನ ಡಬ್ಬಿ ಕೈಗೆ ಬಂತು. ಕೂಡಲೇ ಹೊಳೆಯಿತು.

ಗುರಮ್ಮ ಎದುರು ಓಣಿಯ ಲಿಂಗಾಯತರ ಮನೆಯ ಹಿರಿಯಳು. ಹಬ್ಬ ಬಂತೆಂದರೆ ಅವಳ ಮನೆಯಿಂದ ಇವರಿಗೆ ಕುಸುಬಿ ಹಾಲಿನ ಹುಗ್ಗಿ ಬರುತ್ತಿತ್ತು, ಇವರ ಮನೆಯಿಂದ ಅವರಿಗೆ ಖರ್ಜೂರ, ಬಾಳೆಹಣ್ಣು ಹೋಗುತ್ತಿತ್ತು. ಕುಸುಬಿ ಕಾಳನ್ನು ನೆನೆಸಿ, ಕುಟ್ಟಿ, ಹಿಂಡಿದರೆ ಬರುವ ಆ ಹಾಲು ಎಮ್ಮೆ ಹಾಲಿಗಿಂತ ದಪ್ಪ. ಆದರೆ ಹದ ತಪ್ಪಿದರೆ ಒಡೆದು ಹೋಗುತ್ತದೆ. ಹದ ಗೊತ್ತಿದ್ದದ್ದು ಗುರಮ್ಮನಿಗೆ.

ಗುರಮ್ಮನಿಗೆ ಫರಹೀನಳ ಮೇಲೆ ಬಲು ಪ್ರೀತಿ. ಕಾರಣ ಸರಳವಾಗಿತ್ತು. ಮುದುಕಿಗೆ ಕಿವಿ ಮಂದ. ಬೇರೆಯವರ ಮಾತು ಕೇಳುವುದು ಅವಳಿಗೆ ಬೇಸರದ ಕೆಲಸ. ಈ ಹುಡುಗಿ ಮಾತೇ ಆಡುವುದಿಲ್ಲ, ಬರೀ ಕೇಳುತ್ತಾಳೆ. ಕಲ್ಲಿನ ಒಳ್ಳಿನ ಮುಂದೆ ಕೂರಿಸಿಕೊಂಡು ಗುರಮ್ಮ ಕುಟ್ಟುವುದನ್ನು ಕಲಿಸಿದಳು. ಮೂರು ಸಲ ನೀರು ಹಾಕಿ ಮೂರು ಸಲ ಹಿಂಡಬೇಕು. ಸಣ್ಣ ಉರಿಯ ಮೇಲೆ ಇಟ್ಟು, ಕೈ ಬಿಡದೆ ತಿರುವುತ್ತಿರಬೇಕು, ಒಂದು ಕುದಿ ಸಹ ಬರಗೊಡಬಾರದು. ತನ್ನ ಅತ್ತೆಯ ಕಾಲದಿಂದ ಇದ್ದ, ತೊಳೆದು ತೊಳೆದು ಹೂವಿನಷ್ಟು ಮೆತ್ತಗಾದ ಸೋಸುವ ಬಟ್ಟೆ, ಆ ಅರಿಬಿಯನ್ನೂ ಕೊಟ್ಟಳು. ಕೊಡುವಾಗ, ಯಾರಿಂದಲೋ ಅರ್ಧ ಕೇಳಿಸಿಕೊಂಡ ಸುದ್ದಿ ಹಿಡಿದು ಕೇಳಿದಳು:

"ಆಳಂದದಿಂದ ನಿಮ್ಮತ್ತಿ ಬರ್ತಾಳಂತಲ್ಲ. ಹುಗ್ಗಿ ಮಾಡಾಕೇನಬೇ?"

ಇದು ಮೀನಿಗೆ, ಆಯಿ. ಈ ಮೂರು ಶಬ್ದಗಳನ್ನು ಫರಹೀನ ಹಿಂದಿನ ರಾತ್ರಿ ಡೈರಿಯಲ್ಲಿ ಐದು ಸಲ ಬರೆದು ರೂಢಿ ಮಾಡಿಕೊಂಡಿದ್ದಳು. ಈಗ ಗುರಮ್ಮನ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ನೋಡಿದಳು, ಬೆಳ್ಳಗೆ ನಿಂತಿದ್ದ ಹಾಲನ್ನು ನೋಡಿದಳು. ತಲೆ ಮಾತ್ರ ತಾನಾಗಿ ಮೇಲೆ ಕೆಳಗೆ ಆಡಿತು.

ಸಂತೆಯ ದಿನ ಮಧ್ಯಾಹ್ನವೇ ಕೆಲಸ ಶುರುವಾಯಿತು. ಖಾಜಾ ಮುರಲ್ ಮೀನನ್ನೇ ತಂದಿದ್ದ; ಅದಕ್ಕೆ ನಡುವಿನ ಮುಳ್ಳೊಂದು ತೆಗೆದರೆ ತಿನ್ನುವವರಿಗೆ ತಕರಾರಿಲ್ಲ. ಬೀಬಿಜಾನ ಅದನ್ನು ಬೆರಳ ಗಂಟಿನಷ್ಟು ಗಾತ್ರಕ್ಕೆ ಕತ್ತರಿಸಿ, ಉಪ್ಪು ಅರಿಶಿಣದಲ್ಲಿ ತೊಳೆದು, ನೀರೆಲ್ಲ ಬಸಿದು ಕೊಟ್ಟಳು. ಫರಹೀನ ಕೆಂಪು ಖಾರ, ಹುರಿದು ಪುಡಿ ಮಾಡಿದ ಜೀರಿಗೆ, ಕೊತ್ತಂಬರಿ ಕಾಳು, ಜಜ್ಜಿದ ಬೆಳ್ಳುಳ್ಳಿ, ನಿಂಬೆಹುಳಿ ಕಲೆಸಿ ಮೆತ್ತಿದಳು. ಮೇಲೆ ಜೋಳದ ಹಿಟ್ಟನ್ನು ಮೈ ಕಾಣದಂತೆ ಅಲ್ಲ, ಧೂಳು ಕೂತಷ್ಟು ಉದುರಿಸಿದಳು. ಚಟ್ನಿ ಬೆಳಗ್ಗೆಯೇ ಆಗಿತ್ತು. ಹದವಾಗಿ ಗಟ್ಟಿಯಾದ ಕುಸುಬಿ ಹಾಲಿಗೆ ಹುರಿದ ಶೇಂಗಾದ ನುಣ್ಣನೆಯ ಹಿಟ್ಟು, ಹಸಿಮೆಣಸು, ಪುದೀನ, ಸಣ್ಣಗೆ ಹೆಚ್ಚಿದ ಸೌತೆಕಾಯಿ. ಆರಿದ ಮೇಲೆ ನಿಂಬೆಹುಳಿ. ಎರಡು ಮಣ್ಣಿನ ಮಗಿಗಳಲ್ಲಿ ತುಂಬಿ, ಸುತ್ತ ಒದ್ದೆ ಬಟ್ಟೆ ಸುತ್ತಿ ನೆರಳಿಗಿಟ್ಟಿದ್ದಳು. ಒಂದು ಚಮಚ ಬಾಯಿಗಿಟ್ಟ ಬೀಬಿಜಾನ ಇನ್ನೊಂದು ಚಮಚ ಹಾಕಿಕೊಂಡಳು. ಖಾಜಾ ಮಾತ್ರ, ನಿಜವಾಗಿ ಮೊಸರಿಲ್ಲ ತಾನೇ ಎಂದು ಮೂರು ಸಲ ಕೇಳಿ, ಹೆಂಡತಿ ತಿಂದು ಗಳಿಗೆ ಕಳೆದ ಮೇಲೆ ಅವಳ ಮುಖ ಪರೀಕ್ಷಿಸಿ, ಆಮೇಲೆ ನಾಲಿಗೆ ತುದಿಗೆ ಮುಟ್ಟಿಸಿದ.

ನಾಲ್ಕೂವರೆಗೆ ರೊಟ್ಟಿಯ ಕಬ್ಬಿಣದ ಹಂಚು ಒಲೆಯೇರಿತು. ಫರಹೀನ ಅಂಗಡಿಯ ಹಿಂಭಾಗದಲ್ಲಿ, ಗೋಣಿ ಪರದೆಯ ಮರೆಯಲ್ಲಿ ಕೂತಳು. ಕುಸುಬಿ ಎಣ್ಣೆ ಎರಡು ಚಮಚ ಬಿಟ್ಟು, ಹೊಗೆಯ ಎಳೆ ಏಳುವವರೆಗೆ ಕಾದು, ತುಂಡುಗಳನ್ನು ಇಟ್ಟಳು. ಚುರ್ರೆಂದಿತು. ಇನ್ನು ಮುಟ್ಟಬಾರದು. ಅವಸರದವರು ಚಮಚೆ ಹಾಕಿ ಎಬ್ಬಿಸಿ ಅರ್ಧ ಮೀನು ಹಂಚಿಗೇ ಕೊಡುತ್ತಾರೆ. ಸುಮ್ಮನಿದ್ದರೆ ಬೆಂದ ಮೀನು ತಾನಾಗಿ ಹಂಚನ್ನು ಬಿಡುತ್ತದೆ. ಸುಮ್ಮನಿರುವುದು ಫರಹೀನಳಿಗೆ ಯಾರೂ ಕಲಿಸಬೇಕಿರಲಿಲ್ಲ. ವಾಸನೆ ಸಂತೆಯ ಮೇಲೆ ಹೋಯಿತು. ಜನ ಬಂದರು.

ಬಂದರು, ನೋಡಿದರು, ನಿಂತರು. ಮೀನಿನ ಪಕ್ಕದಲ್ಲಿ ಬಿಳಿ ಬಟ್ಟಲು ಕಂಡಿತು. ಎರಡು ಹೆಜ್ಜೆ ಹಿಂದೆ ಸರಿದರು.

ಮುಂದಾಳು ಕರೀಮಸಾಬ. ಮೂವತ್ತು ವರ್ಷ ಜೇವರ್ಗಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದು ನಿವೃತ್ತನಾದವನು. ಈಗಲೂ ಅವನು 'ಹೋಲ್ಡ್' ಎಂದರೆ ಸಂತೆಯಲ್ಲಿ ನಾಲ್ಕು ಜನ ನಿಲ್ಲುತ್ತಿದ್ದರು. ಅವನು ಬಟ್ಟಲಿನ ಮೇಲೆ ಬಾಗಿ, ಮೂಸಿ, ಖಾಜಾನ ಮುಖ ನೋಡಿದ.

"ಮೊಸರು ಇದು."

ಖಾಜಾ ಅಲ್ಲ ಎಂದ. ಕುಸುಬಿ ಹಾಲು, ಶೇಂಗಾ ಎಂದ. ಮೊಸರು ಈ ಕಡೆ ಹಾದೂ ಇಲ್ಲ ಎಂದು ಆಣೆ ಇಟ್ಟ. ಗುಂಪಿನಲ್ಲಿ ಯಾರೋ, ನಿನ್ನೆಯ ಮೀನೂ ನಿನಗೆ ಇವತ್ತಿನದೇ ಅಲ್ಲವೇ ಎಂದು ನಕ್ಕರು. ಇನ್ನೊಬ್ಬ, ಕುಸುಬಿ ಹಾಲು ಹುಗ್ಗಿಗೆ ಹಾಕುವುದು ಗೊತ್ತು, ಮೀನಿಗೆ ಯಾವ ತಲೆಕೆಟ್ಟವನು ಹಾಕುತ್ತಾನೆ ಎಂದ. ಚಟ್ನಿ ಬಿಟ್ಟು ಬರೀ ಮೀನು ತಗೊಳ್ಳಿ ಎಂದರೆ, ಅದರ ಪಕ್ಕದಲ್ಲಿ ಇಟ್ಟ ಮೀನೇ ಬೇಡ ಎಂದರು. ಪರದೆಯ ಸಂದಿನಿಂದ ಫರಹೀನ ಎಲ್ಲ ನೋಡುತ್ತಿದ್ದಳು. ಪರಾತ ತುಂಬಿಯೇ ಇತ್ತು. ಸೋಮವಾರದ ಬಸ್ಸು ಕಣ್ಣ ಮುಂದೆ ಹಾರ್ನ್ ಹೊಡೆಯಿತು. ಎದ್ದು ಹೋಗಿ ನಾನೇ ಮಾಡಿದ್ದೇನೆ, ಮೊಸರಲ್ಲ ಎಂದುಬಿಟ್ಟರೆ? ಎದ್ದಳು. ಅಷ್ಟೊಂದು ಮುಖಗಳನ್ನು ನೋಡಿ ಕೂತಳು.

ಆಗ ಖಾಜಾ, ಮುಳುಗುವವನು ಸಿಕ್ಕಿದ್ದನ್ನು ಹಿಡಿಯುವಂತೆ, ಹಿಡಿಯಬಾರದ್ದನ್ನು ಹಿಡಿದ.

"ಸುಳ್ಳಂದ್ರ ಗುರಮ್ಮಾಯಿಗಿ ಕೇಳ್ರಿ. ಆಕಿನೇ ನನ್ನ ಮಗಳಿಗಿ ಕಲಿಸ್ಯಾಳ. ಹಾಲೂ ಆಕಿ ಮನ್ಯಾಗೇ ತಗದದ್ದು."

ಪರದೆಯ ಹಿಂದೆ ಫರಹೀನಳ ಕೈಯಲ್ಲಿದ್ದ ಚಮಚೆ ಹಂಚಿನ ಮೇಲೆ ಬಿತ್ತು.

ಗುಂಪು ಗೊಳ್ಳೆಂದಿತು. ಬೆಳ್ಳುಳ್ಳಿ ತಿನ್ನುವಾಗಲೂ ನಾಲ್ಕು ದಿಕ್ಕು ನೋಡುವ ಗುರಮ್ಮಾಯಿ ಖಾಜಾನ ಮೀನಿಗೆ ಚಟ್ನಿ ಕಲಿಸಿದಳಂತೆ. ಕರೀಮಸಾಬ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಕೇಳುವುದಕ್ಕೆ ದೂರ ಹೋಗಬೇಕಿಲ್ಲ, ಅಲ್ಲೇ ಬರುತ್ತಿದ್ದಾಳೆ ಎಂದ. ನಿಜವಾಗಿಯೂ ಸೌತೆಕಾಯಿ ಮಾರುವ ಸರ್ದಾರನ ಬುಟ್ಟಿಯ ಹತ್ತಿರ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸೆರಗಿನ ತುದಿಯನ್ನು ಮೂಗಿಗೆ ಹಿಡಿದು, ಗುರಮ್ಮ ಬರುತ್ತಿದ್ದಳು. ಮೀನಿನಂಗಡಿಯ ಈ ಭಾಗವನ್ನು ಅವಳು ಯಾವಾಗಲೂ ಹೀಗೇ ದಾಟುತ್ತಿದ್ದಳು.

ಕರೀಮಸಾಬ ಅವಳ ಕಡೆ ಹೆಜ್ಜೆ ಇಟ್ಟ. ಇನ್ನು ಹತ್ತು ಹೆಜ್ಜೆಗೆ ಅವನು ಕೇಳುತ್ತಾನೆ. ಹಾಲು ಮೀನಿಗೆ ಹೋದದ್ದು ಅವನ ಬಾಯಿಂದ, ಸಂತೆಯ ನಡುವೆ, ನಗುವ ಜನರ ಮುಂದೆ ಮುದುಕಿಗೆ ಗೊತ್ತಾಗುತ್ತದೆ. ಪರಾತ, ಆಳಂದ, ಬಸ್ಸು ಎಲ್ಲ ಫರಹೀನಳ ತಲೆಯಿಂದ ಹಾರಿಹೋದವು. ಗೋಣಿ ಪರದೆ ಸರಿಸಿ, ಮಸಾಲೆಯ ಕೈ ಹಾಗೇ ಇಟ್ಟುಕೊಂಡು ಓಡಿದಳು. ಕರೀಮಸಾಬನನ್ನು ದಾಟಿ ಗುರಮ್ಮನ ಮುಂದೆ ಏದುಸಿರು ಬಿಡುತ್ತ ನಿಂತಳು.

"ಆಯಿ, ನಿಮ್ಮ ಕುಸುಬಿ ಹಾಲು..."

"ಏನಬೇ? ಸಂತಿ ಇದು. ಜೋರ ಹೇಳು."

"ನೀವು ಕೊಟ್ಟ ಹಾಲು ಹುಗ್ಗಿಗಿ ಅಲ್ಲರಿ ಆಯಿ, ಅದು ಬ್ಯಾರೆದಕ್ಕ..."

"ಕೇಳಸವಲ್ದು. ಹೊಟ್ಟ್ಯಾಗಿಂದ ಹೇಳು."

ಫರಹೀನ ಕಣ್ಣು ಮುಚ್ಚಿದಳು. ಹೊಟ್ಟೆಯಲ್ಲಿ ಇಪ್ಪತ್ಮೂರು ವರ್ಷದ ಮಾತು ಇತ್ತು. ಅದೆಲ್ಲ ಒಮ್ಮೆಲೇ ಹೊರಬಂತು.

"ನಿಮ್ಮ ಕುಸುಬಿ ಹಾಲು ನಾ ಮೀನಿಗಿ ಹಾಕೇನಿ ಆಯಿ. ಹುಗ್ಗಿ ಮಾಡಿಲ್ಲ. ನೀವು ಕೇಳಿದಾಗ ಅಂಜಿ ಸುಮ್ಮ ತಲಿ ಹಾಕಿದೆ. ಶೇಂಗಾ ಹಾಕೇನಿ, ಪುದೀನ ಹಾಕೇನಿ, ಸೌತಿಕಾಯಿ ಹಾಕೇನಿ. ಮೊಸರು ಒಂದ್ ಹನಿ ಹಾಕಿಲ್ಲ. ತಪ್ಪಾಗ್ಯಾದ."

ಕಣ್ಣು ಬಿಟ್ಟಾಗ ಉಳ್ಳಾಗಡ್ಡಿ ತೂಗುತ್ತಿದ್ದವನ ತಕ್ಕಡಿ ಮೇಲೆಯೇ ನಿಂತಿತ್ತು. ಆ ತುದಿಯ ಬಳೆಯಂಗಡಿಯವರೆಗೂ ಮುಖಗಳು ಈ ಕಡೆ ತಿರುಗಿದ್ದವು. ಅಷ್ಟು ದೊಡ್ಡ ಸ್ವರ ಯಾರದು ಎಂದು ಫರಹೀನಳಿಗೇ ಒಂದು ಕ್ಷಣ ಗೊತ್ತಾಗಲಿಲ್ಲ.

ಗುರಮ್ಮನ ಮೂಗಿನಿಂದ ಸೆರಗು ಇಳಿಯಿತು.

"ನನ್ನ ಸೋಸೋ ಅರಿಬಿ ಎಲ್ಲದ?"

"ಮೀನದ ಹತ್ರ ಬಂದಿಲ್ಲರಿ. ಬ್ಯಾರೆ ಬುಟ್ಟ್ಯಾಗ ತೊಳದು ಮಾಳಿಗಿ ಮ್ಯಾಲ ಒಣಾಕೇನಿ."

"ಹಾಲು ಒಡೀತೇನು?"

"ಇಲ್ಲರಿ."

"ತೋರಸು. ನೀ ತರಬ್ಯಾಡ, ನಿನ್ನ ಕೈ ಮೀನದ ಕೈ. ಏ ಸರ್ದಾರ, ನೀ ತಾರಲೇ."

ಸರ್ದಾರ ಪಂಚೆಗೆ ಕೈ ಒರೆಸಿಕೊಂಡು ಹೋಗಿ, ಇನ್ನೂ ಮುಟ್ಟದೆ ಇದ್ದ ಎರಡನೆಯ ಮಗಿಯನ್ನು ಎತ್ತಿಕೊಂಡು ಬಂದ. ಗುರಮ್ಮ ಅದನ್ನು ಮುಟ್ಟಲಿಲ್ಲ, ರುಚಿಯನ್ನಂತೂ ನೋಡಲೇ ಇಲ್ಲ. ಓರೆ ಮಾಡು ಎಂದಳು. ಸರ್ದಾರ ಓರೆ ಮಾಡಿದ. ಅವಳು ಬಾಗಿ, ಮಗಿಯ ಅಂಚನ್ನು ಬಂಗಾರ ನೋಡುವವರಂತೆ ನೋಡಿದಳು. ಆಮೇಲೆ ಕರೀಮಸಾಬನ ಕಡೆ ತಿರುಗಿದಳು. ಮೊಸರು ಎಂಬ ಅವನ ಆರೋಪ ಕಿವಿ ಮಂದದ ಮುದುಕಿಗೆ ಅಷ್ಟು ದೂರಕ್ಕೆ ಹೇಗೆ ಮುಟ್ಟಿತ್ತೋ.

"ಮೊಸರಿಟ್ರ ನೀರು ಬಿಡ್ತದ. ಇದು ಅಂಚಿಗಿ ಎಣ್ಣಿ ಬಿಟ್ಟದ, ನೋಡು. ಇಷ್ಟು ವಯಸ್ಸಾತು, ಇದು ತಿಳ್ಯಂಗಿಲ್ಲೇನು ನಿನಗ? ಕುಸುಬಿ ಇದು. ನನ್ನ ಹೊಲದ್ದು."

ಆಮೇಲೆ ಫರಹೀನಳಿಗೆ, ಸ್ವಲ್ಪ ಸಣ್ಣ ದನಿಯಲ್ಲಿ: "ಎಲ್ಲರೂ ಬಾಯಿಲೇ ಸುಳ್ಳು ಹೇಳ್ತಾರ. ನೀ ತಲಿಲೇ ಹೇಳೀದಿ. ಆ ಅರಿಬಿ ನೀನೇ ಇಟ್ಕೊ."

ಸೆರಗು ಮತ್ತೆ ಮೂಗಿಗೇರಿತು. ಗುರಮ್ಮ ಹಿಂತಿರುಗಿ ನೋಡದೆ ಹೊರಟುಹೋದಳು.

ಕರೀಮಸಾಬ ಅಂಗಡಿಯ ಮುಂದೆ ಬಂದು ಬೆಂಚಿನ ಮೇಲೆ ಕೂತ. ಮುದುಕಿಯ ಮುಂದೆ ಇಷ್ಟು ಗೋಳಾಡಿ ಯಾರೂ ಮೊಸರು ಮಾರುವುದಿಲ್ಲ, ಒಂದು ಪ್ಲೇಟು ಹಾಕು ಎಂದ. ಮೊದಲ ತುಂಡನ್ನು ಚಟ್ನಿಯ ತುದಿಗೆ ಮುಟ್ಟಿಸಿ ತಿಂದ. ಎರಡನೆಯದನ್ನು ಅರ್ಧ ಮುಳುಗಿಸಿದ. ಮೂರನೆಯದು ಮುಳುಗಿ ಕಾಣದಾಯಿತು. ಹಣೆಯ ಬೆವರು ಒರೆಸಿಕೊಂಡು, ಒಳಗೆ ಬಿಸಿಲು ಬೀಳುತ್ತಿದೆ, ಮೇಲಿಂದ ಯಾರೋ ನೀರು ಚಿಮುಕಿಸುತ್ತಿದ್ದಾರೆ ಎಂದು ಪಕ್ಕದವನಿಗೆ ವರದಿ ಮಾಡಿದ. ಆಮೇಲೆ ಖಾಜಾನಿಗೆ ಮಾತಾಡಲು ಬಿಡುವಾಗಲಿಲ್ಲ. ಫರಹೀನ ಪರದೆಯ ಹಿಂದೆ ತುಂಡು ಇಡುತ್ತ, ಕಾಯುತ್ತ, ತಿರುವುತ್ತ ಹೋದಳು. ಮುಸ್ಸಂಜೆಯ ಮಗರಿಬ್ ಅಜಾನಿನ ಹೊತ್ತಿಗೆ ಪರಾತದ ತಳದಲ್ಲಿ ನಿಂಬೆ ಸಿಪ್ಪೆಯೊಂದು ಉಳಿದಿತ್ತು. ಮಗಿಗಳನ್ನು ಯಾರೋ ಬೆರಳಿನಿಂದಲೇ ಒರೆಸಿದ್ದರು.

ರಾತ್ರಿ ಊಟಕ್ಕೆ ಮೊದಲು ಖಾಜಾ ಅಕ್ಕನಿಗೆ ಫೋನು ಹಚ್ಚಿ ನಡೆದದ್ದನ್ನು ವಿಸ್ತಾರವಾಗಿ ಹೇಳಿದ. ಸಂತೆಯ ತಕ್ಕಡಿ ಸಹ ನಿಂತಿತ್ತು ಎಂಬಲ್ಲಿ ಅವನ ದನಿ ತುಂಬಿ ಬಂತು. ಮಸರತ ಫುಪ್ಪಿ ಎಲ್ಲ ಕೇಳಿ, ಇಡೀ ಸಂತೆಗೆ ಕೇಳಿಸುವ ಹುಡುಗಿಯೇ ತನಗೆ ಬೇಕಾದದ್ದು, ಸೋಮವಾರ ಯಾಕೆ, ನಾಳೆಯೇ ಕಳಿಸು ಎಂದಳು. ಖಾಜಾ ಗಾಬರಿಯಾಗಿ ಫೋನು ಇಟ್ಟುಬಿಟ್ಟ. ಮಗಳಿಗೆ ಹೇಳಿದ, ಒಪ್ಪಂದ ಒಪ್ಪಂದವೇ, ಆಳಂದ ಇಲ್ಲ. ಆದರೆ ಗೋಣಿ ಪರದೆಯನ್ನು ಮಾತ್ರ ತೆಗೆದುಹಾಕುತ್ತೇನೆ, ನನ್ನ ಮಾತು ಯಾರು ನಂಬುತ್ತಾರೆ, ಇನ್ನು ನೀನೇ ಮುಂದೆ ನಿಲ್ಲಬೇಕು ಎಂದ. ಫರಹೀನ ತಲೆಯಾಡಿಸಲು ಹೋದಳು. ಅರ್ಧಕ್ಕೆ ನಿಲ್ಲಿಸಿ, "ನೋಡ್ತೇನಿ" ಎಂದಳು. ಬೀಬಿಜಾನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಗಳನ್ನು ನೋಡಿದಳು.

ಫರಹೀನಳ ಹತ್ತಿರ ನಿದ್ದೆ ಸುಳಿಯಲಿಲ್ಲ. ಅರಿಬಿ ನೀನೇ ಇಟ್ಟುಕೋ ಎಂದರೆ ಏನು? ಕೊಟ್ಟದ್ದೇ? ಇನ್ನು ಅದನ್ನು ಮುಟ್ಟಲಾರೆ ಎಂದದ್ದೇ? ಡೈರಿಯಲ್ಲಿ ಎರಡನ್ನೂ ಬರೆದು, ಎರಡನ್ನೂ ಹೊಡೆದು ಹಾಕಿದಳು. ಬರೆದರೆ ತಿಳಿಯುವ ವಿಷಯ ಇದಲ್ಲ ಅನಿಸಿತು.

ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಬಜಾರಿಗೆ ಹೋಗಿ ಎರಡು ಗಜ ಹೊಸ ಬಿಳಿ ಮಲಮಲ್ ಬಟ್ಟೆ ತಂದಳು. ಹಳೆಯದು ಮುಟ್ಟಲಾಗದಿದ್ದರೆ ಹೊಸದಿರಲಿ ಎಂದು ಅದನ್ನೂ, ಮಡಚಿದ ಹಳೆಯ ಅರಿಬಿಯನ್ನೂ ಹಿಡಿದು ಗುರಮ್ಮನ ಮನೆಯ ಬಾಗಿಲಿಗೆ ಹೋದಳು. ಒಳಗೆ ಪಡಸಾಲೆಯಲ್ಲಿ ಗುರಮ್ಮ ಈ ಕಡೆ ಬೆನ್ನು ಮಾಡಿ, ಮೊರದಲ್ಲಿ ತೊಗರಿಬೇಳೆಯ ಹರಳು ಆರಿಸುತ್ತ ಕೂತಿದ್ದಳು. ಫರಹೀನ ಹೊಸ್ತಿಲ ಹೊರಗೇ ನಿಂತು ಹೊಟ್ಟೆಯ ತುಂಬ ಉಸಿರು ತೆಗೆದುಕೊಂಡಳು.

"ಆಯಿ, ನಾ ಫರಹೀನ ಬಂದೇನಿ. ಬರೋ ಸಂತಿಗಿ ಮತ್ತ ಕುಸುಬಿ ಹಾಲು ಬೇಕಾಗ್ಯಾದ. ಮೀನಿಗೇ ಬೇಕು. ನಿಮ್ಮ ಒಳ್ಳಿನಾಗ ಕುಟ್ಲೇನು, ಬ್ಯಾಡೇನು?"

ಎದುರು ಮನೆಯ ಕಟ್ಟೆಯಿಂದ ಎರಡು ಗುಬ್ಬಿ ಹಾರಿಹೋದವು. ಓಣಿಯ ಕೊನೆಯಲ್ಲಿ ಯಾರೋ ಕಿಟಕಿ ತೆರೆದರು. ಗುರಮ್ಮ ತಿರುಗಲಿಲ್ಲ. ಮೊರದಿಂದ ಒಂದು ಹರಳನ್ನು ಎತ್ತಿ ಪಕ್ಕಕ್ಕೆಸೆದಳು.

"ಕೇಳಸ್ತದ. ಯಾಕ ಒದರಾಕತ್ತಿ? ಕಾಲು ತೊಳಕೊಂಡು ಬಾ."